ರಜೆ ಕೊಡುತ್ತಾರೆ, ಸೂಟಿ ಬಿಡುತ್ತಾರೆ

ಏಪ್ರಿಲ್ ಎರಡನೇ ವಾರ ಕೊಪ್ಪಳ ಸೀಮೆಯ ಯಾವುದಾದರೂ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಚೀಲವನ್ನು ಬೆನ್ನಿಗೆ ಬಡಿಸಿಕೊಂಡು ಓಡಿ ಬರುವ ಹುಡುಗನನ್ನು ‘ಏನಾಯಿತೋ’ ಎಂದು ಕೇಳಿದರೆ ‘ಸೂಟಿ ಬಿಟ್ಟರು’ ಎನ್ನುತ್ತಾನೆ. ಆ ಮಾತು ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಅವನು ಓಣಿಯ ತಿರುವು ದಾಟಿರುತ್ತಾನೆ. ಅದೇ ಗೇಟಿನ ಒಳಗೆ, ಸೂಚನಾ ಫಲಕದ ಮೇಲೆ ಅಂಟಿಸಿದ ಸುತ್ತೋಲೆಯಲ್ಲಿ ‘ಬೇಸಿಗೆ ರಜೆ’ ಎಂದು ಬರೆದಿರುತ್ತದೆ. ಒಂದೇ ಬಿಸಿಲು, ಒಂದೇ ಒಂದೂವರೆ ತಿಂಗಳು, ಹೆಸರು ಮಾತ್ರ ಎರಡು.

ಇವೆರಡೂ ಒಂದೇ ಎಂದು ನಾನೂ ಬಹಳ ಕಾಲ ನಂಬಿದ್ದೆ. ರಜೆ ಪುಸ್ತಕದ ಮಾತು, ಸೂಟಿ ಮನೆಯ ಮಾತು, ಅಷ್ಟೇ ಎಂದುಕೊಂಡಿದ್ದೆ. ಮಾಸ್ತರಿಕೆಗೆ ಬಂದ ಮೇಲೆ ಮಕ್ಕಳ ರಜೆ ಅರ್ಜಿಗಳನ್ನು ಓದುತ್ತ ಓದುತ್ತ ಒಂದು ಅನುಮಾನ ಹುಟ್ಟಿತು. ದಿನವಿಡೀ ಬಾಯಲ್ಲಿ ಸೂಟಿ ಎನ್ನುವ ಹುಡುಗಿ ಕಾಗದದ ಮೇಲೆ ‘ನಮ್ಮ ಅಕ್ಕನ ಮದುವೆ ಇರುವುದರಿಂದ ಎರಡು ದಿನ ರಜೆ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ’ ಎಂದು ಬರೆಯುತ್ತಾಳೆ. ಕ್ರಿಯಾಪದವನ್ನು ಗಮನಿಸಿ. ರಜೆಯನ್ನು ಕೇಳುತ್ತಾರೆ, ಬೇಡುತ್ತಾರೆ, ಕೊಡುತ್ತಾರೆ, ಮಂಜೂರು ಮಾಡುತ್ತಾರೆ, ಕೆಲವೊಮ್ಮೆ ನಿರಾಕರಿಸುತ್ತಾರೆ. ಸೂಟಿಯನ್ನು ಬಿಡುತ್ತಾರೆ. ಮಾತಿನ ಭರದಲ್ಲಿ ಇವು ಬೆರೆಯುವುದುಂಟು, ‘ನಾಳೆ ಸೂಟಿ ಹಾಕುತ್ತೇನೆ’ ಎನ್ನುವ ನೌಕರರೂ ಇದ್ದಾರೆ. ಆದರೂ ಬೇಡುವ ಹೊತ್ತು ಬಂದಾಗ ನಾಲಿಗೆ ತಾನಾಗಿ ರಜೆಯ ಕಡೆಗೆ ಹೊರಳುತ್ತದೆ. ನಾಮಪದ ತನ್ನ ಹುಟ್ಟನ್ನು ಮರೆತರೂ ಅದರ ಜೊತೆಗೆ ಬರುವ ಕ್ರಿಯಾಪದ ಮರೆತಿಲ್ಲ ಎಂಬುದು ನನ್ನ ವಾದ. ಅದಕ್ಕೆ ಪುರಾವೆ ಬೇಕಲ್ಲ, ಮೊದಲು ರಜೆಯನ್ನೇ ಬಿಡಿಸಿ ನೋಡೋಣ.

ರಜೆ ಸಂಸ್ಕೃತದಿಂದ ಬಂದಿತು ಎಂದು ಗಟ್ಟಿಯಾಗಿ ಹೇಳುವವರು ಸಿಗುತ್ತಾರೆ. ಸಂಸ್ಕೃತದಲ್ಲಿ ‘ರಜಸ್’ ಎಂದರೆ ಧೂಳು, ಪರಾಗ, ಮೂರು ಗುಣಗಳಲ್ಲಿ ಒಂದು, ಹೆಣ್ಣುಮಕ್ಕಳ ಮುಟ್ಟು ಕೂಡ. ಮುಟ್ಟಾದವರು ಮೂರು ದಿನ ಅಡುಗೆಮನೆಯಿಂದ ಹೊರಗಿರುತ್ತಿದ್ದರು, ಅದರಿಂದಲೇ ಕೆಲಸಕ್ಕೆ ಬಾರದ ದಿನಕ್ಕೆ ರಜೆ ಎಂಬ ಹೆಸರು ಬಂದಿತು ಎಂಬುದು ಅವರ ಲೆಕ್ಕ. ಕೇಳಲು ಜಾಣತನದಂತಿದೆ, ಆದರೆ ನಿಜವಲ್ಲ. ಈ ಎರಡು ಪದಗಳ ನಡುವೆ ಇರುವುದು ದನಿಯ ನೆಂಟಸ್ತಿಕೆ ಮಾತ್ರ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನದ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಾಗ ಸಂಬಂಧವೇ ಇಲ್ಲದ ರಜಸ್ಸೂ ರಜೆಯೂ ಒಂದೇ ಕಡತದಲ್ಲಿ ಎದುರುಬದುರಾದವು. ಭಾಷೆಗೆ ಇಂತಹ ತಮಾಷೆಗಳು ಗೊತ್ತು.

ರಜೆಯ ನಿಜವಾದ ತವರು ಅರಬ್ಬಿ. ಅಲ್ಲಿ ‘ರಿದಾ’ ಎಂದರೆ ಒಪ್ಪಿಗೆ, ಸಂತೃಪ್ತಿ, ಮನಸ್ಸು ಒಲಿಯುವುದು. ‘ದಾ’ ಎಂದು ನಾನು ಬರೆದ ಜಾಗದಲ್ಲಿರುವ ಅಕ್ಷರವನ್ನು ಅರಬರು ‘ದಾದ್’ ಎನ್ನುತ್ತಾರೆ. ನಾಲಿಗೆಯನ್ನು ಭಾರವಾಗಿ ಒತ್ತಿ ನುಡಿಯುವ ಆ ದನಿ ಬೇರೆಯವರಿಗೆ ಸುಲಭಕ್ಕೆ ಒಗ್ಗುವುದಿಲ್ಲ. ತಮ್ಮ ಭಾಷೆಯನ್ನೇ ‘ದಾದ್ ಭಾಷೆ’ ಎಂದು ಅವರು ಹೆಮ್ಮೆಯಿಂದ ಕರೆದುಕೊಳ್ಳುವುದು ಅದಕ್ಕಾಗಿಯೇ. ಪಾರಸಿಯವರು ಪದವನ್ನು ಎರವಲು ತಂದರು, ದನಿಯನ್ನು ಮಾತ್ರ ತರಲಿಲ್ಲ. ಇಂಗ್ಲಿಷಿನ ‘ಝಡ್’ ಅಕ್ಷರದ ದನಿಯನ್ನು ಅದರ ಜಾಗಕ್ಕೆ ಕೂರಿಸಿದರು. ಅಲ್ಲಿಂದ ದಖನ್ನಿಗೆ ಬಂದಾಗ ನಮಗೆ ಆ ದನಿಯೂ ಒಗ್ಗದೆ ‘ಜ’ ಎಂದೆವು. ರಿದಾ ಹೀಗೆ ರಜಾ ಆಯಿತು. ಕೊನೆಯ ಸ್ವರ ಸವೆದು ರಜೆ, ಕೆಲವರ ಬಾಯಲ್ಲಿ ಬರೀ ರಜ. ‘ರಜಾದಿನ’ದಂತಹ ಸಮಾಸಗಳಲ್ಲಿ ಹಳೆಯ ದೀರ್ಘ ಇನ್ನೂ ಉಳಿದಿದೆ.

ಪಾರಸಿ ಲಿಪಿಯಲ್ಲಿ ಆ ‘ಝಡ್’ ದನಿಗೆ ಒಂದಲ್ಲ, ನಾಲ್ಕು ಅಕ್ಷರಗಳಿವೆ. ನಾಲ್ಕನ್ನೂ ನಾವು ಒಂದೇ ‘ಜ’ದ ದೊಡ್ಡಿಗೆ ನುಗ್ಗಿಸಿದ್ದೇವೆ. ಜಮೀನಿನ ಜ ಬೇರೆ, ನಜರಿನ ಜ ಬೇರೆ, ರಜೆಯ ಜ ಬೇರೆ ಎಂದು ಇವತ್ತು ಯಾರಿಗೂ ಕಾಣುವುದಿಲ್ಲ. ಆದರೆ ರಜೆಯ ಜ ಯಾವ ಅಕ್ಷರದಿಂದ ಬಂದಿತೋ ಅದೇ ದಾದ್‌ನಿಂದ ಬಂದವರ ಪಟ್ಟಿ ನೋಡಿದರೆ ತಾಲ್ಲೂಕು ಕಚೇರಿಯ ಬಾಗಿಲು ತೆರೆದಂತಾಗುತ್ತದೆ. ಅರ್ಜಿ, ಹಾಜರಿ, ಜಾಮೀನು, ಜಪ್ತಿ, ಕಬ್ಜಾ, ಜರೂರು, ಗರಜು. ಜಿಲ್ಲೆ ಕೂಡ, ಅರಬ್ಬಿಯಲ್ಲಿ ಅದರ ಮೂಲಾರ್ಥ ಪಕ್ಕೆಲುಬು, ಪಕ್ಕ ಎಂದು. ಫಜೀತಿ ಅದೇ ಅಕ್ಷರದ್ದು. ರಂಜಾನ್ ಅದೇ ಅಕ್ಷರದ್ದು. ಮಂಜೂರು ಮಾತ್ರ ಪಕ್ಕದ ಓಣಿಯದು. ಅದು ‘ನಜರ್’ ಎಂಬ ಮನೆತನಕ್ಕೆ ಸೇರಿದ್ದು, ‘ನೋಡಲ್ಪಟ್ಟದ್ದು’ ಎಂಬುದು ಅದರ ಮೂಲಾರ್ಥ. ಸಾಹೇಬರು ಕಣ್ಣು ಹಾಯಿಸಿದರೆ ಕೆಲಸವಾಯಿತು ಎಂದರ್ಥ. ಈಗ ಈ ವಾಕ್ಯ ಓದಿ: ‘ರಜೆ ಅರ್ಜಿ ಮಂಜೂರಾಗದಿದ್ದರೆ ಗೈರುಹಾಜರಿ.’ ಇದರಲ್ಲಿ ಅಚ್ಚಗನ್ನಡ ಎಂದರೆ ‘ಆಗದಿದ್ದರೆ’ ಒಂದೇ. ಆದರೂ ಇದು ಕನ್ನಡವಲ್ಲ ಎನ್ನುವ ಧೈರ್ಯ ಯಾರಿಗಿದೆ?

ರಜೆಗೆ ಒಡಹುಟ್ಟಿದವರೂ ಇದ್ದಾರೆ, ಅವರೂ ನಮ್ಮ ನಡುವೆಯೇ ಓಡಾಡಿಕೊಂಡಿದ್ದಾರೆ. ಒಪ್ಪಿಗೆ ಎಂಬ ಅದೇ ಬೇರಿನಿಂದ ‘ಒಪ್ಪಿದವನು’ ಎಂಬರ್ಥದ ‘ರಾಜಿ’ ಬಂದಿತು. ಹೊಲದ ಬದುವಿನ ಜಗಳ ರಾಜಿಯಾಯಿತು ಎಂದರೆ ಇಬ್ಬರೂ ಒಪ್ಪಿದರು ಎಂದು. ರಾಜಿ ಇಲ್ಲದವನು ‘ನಾರಾಜು’. ರಾಯಚೂರಿನ ಕಡೆ ಮುನಿಸಿಕೊಂಡವರಿಗೆ ಈಗಲೂ ಇದೇ ಮಾತು. ‘ಮರ್ಜಿ’ ಕೂಡ ಇದೇ ಬಳ್ಳಿಯ ಕಾಯಿ. ‘ದೊಡ್ಡವರ ಮರ್ಜಿ ಕಾಯುವುದು’ ಎನ್ನುತ್ತೇವಲ್ಲ, ಅಲ್ಲಿ ಕಾಯುತ್ತಿರುವುದು ಅವರ ಮನಸ್ಸು ಒಲಿಯುವ ಗಳಿಗೆಯನ್ನು. ಸಾಹೇಬರ ಮರ್ಜಿ ಇದ್ದರೆ ರಜೆ ಎಂದು ಗುಮಾಸ್ತನೊಬ್ಬ ಗೊಣಗಿದಾಗ ಅವನಿಗೆ ತಿಳಿಯದಂತೆ ಒಂದೇ ಧಾತುವನ್ನು ಎರಡು ಸಲ ಬಳಸಿರುತ್ತಾನೆ.

ರಾಜೀನಾಮೆಯ ಕತೆ ಇನ್ನೂ ಸೊಗಸು. ಪಾರಸಿಯಲ್ಲಿ ‘ನಾಮೆ’ ಎಂದರೆ ಬರಹ, ಕಾಗದ. ರಾಜೀನಾಮೆ ಎಂದರೆ ಒಪ್ಪಿಗೆಯ ಪತ್ರ. ಹಿಂದಿ, ಉರ್ದುವಿನಲ್ಲಿ ಇವತ್ತಿಗೂ ಅದು ರಾಜಿಪತ್ರವೇ, ಇಬ್ಬರ ವ್ಯಾಜ್ಯ ಮುಗಿದಾಗ ಬರೆದುಕೊಡುವಂಥದ್ದು. ಕನ್ನಡ, ಮರಾಠಿ, ತೆಲುಗುಗಳಲ್ಲಿ ಮಾತ್ರ ಅದು ಕೆಲಸ ಬಿಡುವ ಕಾಗದವಾಗಿ ತಿರುಗಿತು. ಒಪ್ಪಿಗೆಯ ಪತ್ರ ಬಿಡುಗಡೆಯ ಪತ್ರವಾದದ್ದು ಹೇಗೆ? ಹಳೆಯ ಮುಂಬೈ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿ ಇದರ ಸುಳಿವಿದೆ. ರೈತ ತನ್ನ ಹೆಸರಿನ ಹೊಲವನ್ನು ಬಿಟ್ಟುಕೊಡುವಾಗ ‘ಇದಕ್ಕೆ ನನ್ನ ಒಪ್ಪಿಗೆ ಇದೆ’ ಎಂದು ರಾಜೀನಾಮೆ ಬರೆದುಕೊಡುತ್ತಿದ್ದ, ಅದನ್ನು ಹಿಡಿಯುವವನು ಕಬೂಲಿಯತ್ತು, ಅಂದರೆ ಹಿಡಿಯಲು ಒಪ್ಪಿದ ಪತ್ರ, ಬರೆದುಕೊಡುತ್ತಿದ್ದ. ಹೊಲ ಬಿಡುವ ಕಾಗದ ಮುಂದೆ ನೌಕರಿ ಬಿಡುವ ಕಾಗದವಾಯಿತು. ಈಗ ಶಾಸಕರು, ಸಚಿವರು ಕೊಡುವುದು (ಅಥವಾ ಕೊಡುತ್ತೇನೆಂದು ಹೆದರಿಸುವುದು) ರೈತ ಕೊಡುತ್ತಿದ್ದ ಆ ಕಾಗದವನ್ನೇ.

ಇನ್ನೊಬ್ಬ ಒಡಹುಟ್ಟಿದವನ ಹೆಸರು ಹೇಳಿದರೆ ರಾಯಚೂರು, ಕೊಪ್ಪಳದ ಹಿರಿಯರ ಮುಖ ಬಿಗಿಯುತ್ತದೆ. ರಜಾಕಾರ. ‘ರಜಾ’ ಎಂದರೆ ಸ್ವಂತ ಇಚ್ಛೆ, ‘ಕಾರ್’ ಎಂದರೆ ಮಾಡುವವನು. ತನ್ನ ಮನಸ್ಸಿನಿಂದ ಮುಂದೆ ಬಂದವನು, ಅಂದರೆ ಸ್ವಯಂಸೇವಕ. ಉರ್ದುವಿನಲ್ಲಿ ಈಗಲೂ ನೆರೆ ಪರಿಹಾರಕ್ಕೆ ಓಡುವ ಹುಡುಗರನ್ನು ಹಾಗೆ ಕರೆಯಬಹುದು. ಆದರೆ ರಜಾಕಾರರೆಂದು ಕರೆದುಕೊಂಡ ಕಾಸಿಂ ರಜ್ವಿಯ ಪಡೆ ಹೈದರಾಬಾದ್ ಸಂಸ್ಥಾನದಲ್ಲಿ ನಡೆಸಿದ ದೌರ್ಜನ್ಯ, 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಡಳಿತ ಭಾರತದ ಸೇನೆಗೆ ಮಣಿದದ್ದು, ಅದಕ್ಕೆ ಮುನ್ನ ಊರು ಬಿಟ್ಟು ತುಂಗಭದ್ರೆ ದಾಟಿದ ಕುಟುಂಬಗಳ ನೆನಪು, ಇವೆಲ್ಲ ಸೇರಿ ಆ ಪದ ನಮ್ಮಲ್ಲಿ ಬೈಗುಳದ ಹತ್ತಿರ ಬಂದು ನಿಂತಿತು. ಮಕ್ಕಳು ಕುಣಿಯುವ ರಜೆಯಲ್ಲೂ ಹಿರಿಯರು ಬೆದರುವ ರಜಾಕಾರನಲ್ಲೂ ಇರುವುದು ಒಂದೇ ‘ರಜಾ’ ಎಂದು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನವರೂ ಎಚ್ಚರವಾಗಿದ್ದರು.

ಒಪ್ಪಿಗೆ ಎಂಬ ಅರ್ಥದಿಂದ ಕೆಲಸವಿಲ್ಲದ ದಿನ ಎಂಬ ಅರ್ಥಕ್ಕೆ ರಜೆ ಬಂದ ದಾರಿ ಈಗ ಊಹಿಸಲು ಕಷ್ಟವಿಲ್ಲ. ಮೊದಲು ಅದು ಬರೀ ಒಪ್ಪಿಗೆ. ದೊರೆಯ, ಸರದಾರನ, ಕಚೇರಿಯ ಮುಖ್ಯಸ್ಥನ ಮುಂದೆ ನಿಂತವನಿಗೆ ಹೊರಡಲು ಬೇಕಾದ ಒಪ್ಪಿಗೆಯೂ ಅದೇ. ಹೊರಡುವ ಒಪ್ಪಿಗೆ ಮೆಲ್ಲಗೆ ದೂರವಿರುವ ಒಪ್ಪಿಗೆಯಾಯಿತು. ಎಷ್ಟು ದಿನ ದೂರವಿರಬಹುದೋ ಆ ದಿನಗಳಿಗೇ ಕೊನೆಗೆ ಆ ಹೆಸರು ಅಂಟಿಕೊಂಡಿತು. ಒಪ್ಪಿಗೆ ಕೊಡುವವನು ಚಿತ್ರದಿಂದ ಮರೆಯಾದ, ದಿನ ಉಳಿಯಿತು.

ಇದು ನಮ್ಮೊಬ್ಬರ ವಿಚಿತ್ರ ಎಂದುಕೊಳ್ಳಬೇಡಿ. ಇಂಗ್ಲಿಷಿನ ‘ಲೀವ್’ ನೋಡಿ. ಬಿಟ್ಟುಹೋಗು ಎಂಬ ಕ್ರಿಯಾಪದವೂ ರಜೆ ಎಂಬ ನಾಮಪದವೂ ಅಲ್ಲಿ ಒಂದೇ ರೀತಿ ಕೇಳಿಸುತ್ತವೆ. ಕಚೇರಿ ಬಿಟ್ಟುಹೋಗುವುದರಿಂದ ಲೀವ್ ಎಂದು ನಾನೇ ಹಿಂದೆ ಯಾರಿಗೋ ವಿವರಿಸಿದ್ದೆ. ಅದು ತಪ್ಪು. ಎರಡೂ ಬೇರೆ ಬೇರೆ ಬೇರಿನ ಪದಗಳು. ರಜೆಯ ಅರ್ಥದ ಲೀವ್ ಹಳೆಯ ಇಂಗ್ಲಿಷಿನಲ್ಲಿ ‘ಅನುಮತಿ’ ಎಂದಿತ್ತು. ಪ್ರೀತಿ ಎಂಬರ್ಥದ ‘ಲವ್’ ಅದಕ್ಕೆ ದೂರದ ನೆಂಟ. ಮನಸ್ಸು ಒಲಿದರೆ ತಾನೇ ಅನುಮತಿ? ಜರ್ಮನರು ರಜೆಗೆ ‘ಉರ್ಲೌಬ್’ ಎನ್ನುತ್ತಾರೆ. ಅದೂ ಇದೇ ಮನೆತನದ್ದು. ಮಧ್ಯಯುಗದಲ್ಲಿ ಒಡೆಯನ ಬಳಿಯಿಂದ ಹೊರಡಲು ಸಿಗುತ್ತಿದ್ದ ಅಪ್ಪಣೆ ಎಂಬ ಅರ್ಥವಿತ್ತು. ಅರಬ್ಬಿಗೂ ಜರ್ಮನಿಗೂ ನಂಟಿಲ್ಲ, ಆದರೂ ಇಬ್ಬರ ಪದವೂ ಒಂದೇ ಬಾಗಿಲ ಮುಂದೆ ಕೈಕಟ್ಟಿ ನಿಂತಿದೆ.

ಅಷ್ಟು ದೂರ ಯಾಕೆ, ಬಳ್ಳಾರಿಗೆ ಬನ್ನಿ. ಅಲ್ಲಿ ಕನ್ನಡದ ಪಕ್ಕದಲ್ಲೇ ತೆಲುಗು ಮನೆಮಾತಾಗಿರುವ ಓಣಿಗಳಿವೆ. ತೆಲುಗಿನಲ್ಲಿ ರಜೆಗೆ ‘ಸೆಲವು’. ಬೇಸಿಗೆ ರಜೆ ‘ವೇಸವಿ ಸೆಲವುಲು’. ಈ ಸೆಲವು ಅಚ್ಚ ದ್ರಾವಿಡ ಪದ, ಪಾರಸಿಯ ಗಾಳಿ ಸೋಕಿದ್ದಲ್ಲ. ಅದರ ಇನ್ನೊಂದು ಅರ್ಥ ಅಪ್ಪಣೆ. ಬೀಳ್ಕೊಡುವಾಗ ಹೇಳುವ ಮಾತೂ ಸೆಲವೇ. ದೊಡ್ಡವರು ಏನಾದರೂ ಹೇಳಿದರೆ ‘ಹೇಳಿದರು’ ಎನ್ನದೆ ‘ಸೆಲವಿಚ್ಚಾರು’ ಎನ್ನುವುದು ತೆಲುಗಿನ ಮರ್ಯಾದೆ. ನಮ್ಮ ಮಠಗಳ ಭಾಷೆಯಲ್ಲಿ ಸ್ವಾಮಿಗಳು ಮಾತನಾಡುವುದಿಲ್ಲ, ‘ಅಪ್ಪಣೆ ಕೊಡಿಸುತ್ತಾರೆ’. ಅದೇ ಅಚ್ಚು, ಅದೇ ಎರಕ. ಇನ್ನು ಉರ್ದುವಿನವರಿಗೆ ನೌಕರನ ರಜೆ ‘ರುಖ್ಸತ್’. ಅದಕ್ಕೂ ಅನುಮತಿ ಎಂದೇ ಅರ್ಥ. ಮದುಮಗಳನ್ನು ತವರಿನಿಂದ ಕಳಿಸಿಕೊಡುವ ಶಾಸ್ತ್ರಕ್ಕೂ ಅದರಿಂದಲೇ ‘ರುಖ್ಸತಿ’ ಎಂಬ ಹೆಸರು.

ಇಷ್ಟು ಭಾಷೆಗಳು ಒಂದೇ ಮಾತು ಹೇಳುತ್ತಿರುವಾಗ ಕಾನೂನು ಬೇರೆ ಹೇಳುತ್ತದೆಯೇ? ಕರ್ನಾಟಕದ ನಾಗರಿಕ ಸೇವಾ ನಿಯಮಗಳ ಪ್ರಕಾರ ಸರ್ಕಾರಿ ನೌಕರನು ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ವರ್ಷಕ್ಕೆ 30 ದಿನ ಗಳಿಕೆ ರಜೆ ಅವನ ಲೆಕ್ಕಕ್ಕೆ ಜಮೆಯಾಗುತ್ತದೆ, ಆದರೆ ಜಮೆಯಾದದ್ದನ್ನು ಬಳಸಲು ಮೇಲಿನವರ ರಜಾ ಬೇಕು. ಇಲ್ಲಿ ರಜಾ ಎಂಬುದನ್ನು ನಾನು ಅದರ ಹಳೆಯ ಅರ್ಥದಲ್ಲೇ ಬರೆದಿದ್ದೇನೆ, ವಾಕ್ಯ ಎಲ್ಲೂ ಕುಂಟಲಿಲ್ಲ ನೋಡಿ. 2019ರಲ್ಲಿ ರಾಜ್ಯ ಸರ್ಕಾರ ನಾಲ್ಕನೇ ಶನಿವಾರವನ್ನೂ ಬಿಡುವಿನ ದಿನ ಮಾಡಿ, ಅದಕ್ಕೆ ಬದಲಾಗಿ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಮೇಲ್ನೋಟಕ್ಕೆ ಇದು ಕೊಡು-ಕೊಳ್ಳುವ ಲೆಕ್ಕ. ಆದರೆ ಪದದ ಕಣ್ಣಿನಿಂದ ನೋಡಿದರೆ ಐದು ರಜೆ ಹೋಗಿ ಹನ್ನೆರಡು ಸೂಟಿ ಬಂದವು. ಯಾರನ್ನೂ ಕೇಳಬೇಕಾಗಿಲ್ಲದ ಹನ್ನೆರಡು ದಿನಗಳು.

ಈಗ ಸೂಟಿಗೆ ಬರೋಣ. ಇದರ ಹಾದಿ ಬೇರೆ. ಹಿಂದಿಯಲ್ಲಿ ‘ಛೂಟ್‌ನಾ’, ಮರಾಠಿಯಲ್ಲಿ ‘ಸುಟಣೆ’, ಎರಡಕ್ಕೂ ಅರ್ಥ ಬಿಡುಗಡೆಯಾಗುವುದು, ಕಟ್ಟು ಕಳಚುವುದು. ಇವಕ್ಕೆ ಹಿಂದೆ ಪ್ರಾಕೃತದ ‘ಛುಟ್ಟ’ ಇದೆ. ಹಿಂದಿಯ ಛ ಇರುವ ಕಡೆ ಮರಾಠಿಯಲ್ಲಿ ಸ ಬರುವುದು ರೂಢಿ. ಅವರ ಚಾಕು ‘ಛುರಿ’, ಇವರದು ‘ಸುರಿ’. ಅವರ ಆರು ‘ಛಹ್’, ಇವರದು ‘ಸಹಾ’. ಹಾಗೆಯೇ ಅವರ ಛುಟ್ಟಿ, ಇವರ ಸುಟ್ಟಿ. ನಮ್ಮ ಸೂಟಿ ಯಾವ ಕಡೆಯಿಂದ ಬಂದಿತು ಎಂಬುದಕ್ಕೆ ಆ ಮೊದಲ ಅಕ್ಷರವೇ ಸಾಕ್ಷಿ: ಹೈದರಾಬಾದಿನ ಉರ್ದುವಿನಿಂದ ನೇರವಾಗಿ ಬಂದಿದ್ದರೆ ಛ ಅಥವಾ ಚ ಇರಬೇಕಾಗಿತ್ತು. ಕೊಪ್ಪಳದ ಪಡುವಣಕ್ಕೆ ಗದಗ, ಧಾರವಾಡ. ಅದು ಆಗ ಮುಂಬೈ ಪ್ರಾಂತ್ಯ. ಗಡಿ ದಾಟಿ ಎತ್ತು ಬಂದವು, ಹೆಣ್ಣು ಬಂದವು, ಮಾಸ್ತರರು ಬಂದರು, ಅವರ ಜೊತೆಗೆ ಸೂಟಿಯೂ ಬಂದಿರಬೇಕು ಎಂಬುದು ನನ್ನ ಊಹೆ.

ಮರಾಠಿಗರು ಇವತ್ತಿಗೂ ರಜಾ ಮತ್ತು ಸುಟ್ಟಿಯನ್ನು ಬೇರೆಬೇರೆ ಇಟ್ಟುಕೊಂಡಿದ್ದಾರೆ. ಒಬ್ಬ ನೌಕರ ಕೇಳಿ ಪಡೆದದ್ದು ರಜಾ, ಎಲ್ಲರಿಗೂ ಬಾಗಿಲು ಮುಚ್ಚಿದ್ದು ಸುಟ್ಟಿ. ಉರ್ದುವಿನಲ್ಲೂ ಹಾಗೆಯೇ: ಒಬ್ಬನದು ರುಖ್ಸತ್, ಕಚೇರಿಯದು ‘ತಾತೀಲ್’. ಇಂಗ್ಲಿಷಿನ ಲೀವ್ ಮತ್ತು ಹಾಲಿಡೇ ಕೂಡ ಇದೇ ಜೋಡಿ. ಬರಹದ ಕನ್ನಡ ಈ ಗೆರೆಯನ್ನು ಅಳಿಸಿಹಾಕಿದೆ. ದೀಪಾವಳಿಗೂ ರಜೆ, ಹೊಟ್ಟೆನೋವಿಗೂ ರಜೆ, ಮಳೆ ಹೆಚ್ಚಾದರೆ ಜಿಲ್ಲಾಧಿಕಾರಿ ಘೋಷಿಸುವುದೂ ರಜೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದರಿಂದ ತೊಂದರೆ ಏನೂ ಆದಂತಿಲ್ಲ. ಆದರೆ ನಮ್ಮ ಹುಡುಗರ ಬಾಯಲ್ಲಿ ಎರಡು ಪದಗಳಿವೆ. ‘ಸೂಟಿ ಎನ್ನಬೇಡ, ರಜೆ ಎನ್ನು, ಅದೇ ಶುದ್ಧ’ ಎಂದು ತಿದ್ದುವ ಮಾಸ್ತರರ ಗುಂಪಿನಲ್ಲಿ ನಾನೂ ಇದ್ದೆ. ಅರಬ್ಬಿಯ ಪದವನ್ನು ಶುದ್ಧವೆಂದೂ ಪ್ರಾಕೃತದ ಪದವನ್ನು ಅಶುದ್ಧವೆಂದೂ ಹೇಳಿಕೊಟ್ಟ ನನ್ನ ಪಾಂಡಿತ್ಯಕ್ಕೆ ಈಗ ನಗು ಬರುತ್ತದೆ.

ಸೂಟಿಯ ಅರ್ಥಕ್ಕೆ ಸರಿಸಾಟಿಯಾದ ಅಚ್ಚಗನ್ನಡ ಪದ ನಮ್ಮಲ್ಲೇ ಇದೆ: ಬಿಡುವು. ಬಿಡು ಎಂಬುದರಿಂದ ಬಿಡುವು. ತಮಿಳರ ‘ವಿಡುಮುರೈ’ಯಲ್ಲಿರುವ ವಿಡು ಕೂಡ ಇದೇ ಬಿಡು. ಶಾಲೆ ಬಿಟ್ಟಿತು, ಕೊಳ್ಳು ಬಿಚ್ಚಿ ಎತ್ತು ಬಿಟ್ಟರು, ಸೂಟಿ ಬಿಟ್ಟರು, ಎಲ್ಲದರಲ್ಲೂ ಹಿಡಿದಿಟ್ಟಿದ್ದ ಕೈ ಸಡಿಲುತ್ತದೆ. ಬಿಡುಗಡೆ ಎಂಬ ಅರ್ಥ ಹೊತ್ತು ಪರಭಾಷೆಯಿಂದ ಬಂದ ಸೂಟಿಗೆ ನಮ್ಮವರು ‘ಬಿಡು’ ಎಂಬ ಕ್ರಿಯಾಪದವನ್ನೇ ಜೋಡಿಸಿದರು. ಅರ್ಥ ಗೊತ್ತಿದ್ದು ಜೋಡಿಸಿದರೋ, ಕಿವಿಗೆ ಸರಿ ಎನಿಸಿತೋ, ಅಂತೂ ಜೋಡಿ ಕೂಡಿಬಂದಿತು.

ಬಿಡುವಿನ ಇನ್ನೊಬ್ಬ ಗೆಳೆಯ ಪುರುಸೊತ್ತು. ಇದು ಅರಬ್ಬಿ, ಪಾರಸಿಯ ‘ಫುರ್ಸತ್’, ಅಂದರೆ ಅವಕಾಶ. ಫ ನಮ್ಮಲ್ಲಿ ಪ ಆಯಿತು, ರ್ಸ ಎಂಬ ಒತ್ತನ್ನು ಸ್ವರ ಸೇರಿಸಿ ಮೆದು ಮಾಡಿಕೊಂಡೆವು, ಕೊನೆಗೆ ‘ಸೊತ್ತು’ ಎಂಬ ಕನ್ನಡದ ಬಾಲ ಬಂದಂತಾಯಿತು. ಪುರುಸೊತ್ತು ಯಾರಿಗೂ ಇಲ್ಲದ ಸೊತ್ತು, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಬಿಡುವಿನ ದಿನ ಎನ್ನುವುದೇ ತುಂಗಭದ್ರೆಯ ಎರಡು ದಂಡೆಗಳಲ್ಲಿ ಬೇರೆಬೇರೆಯಾಗಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಅಲ್ಲಿನ ಮುಖ್ಯ ಕಲೆಕ್ಟರನಾಗಿ ಬಂದ. ಅಲ್ಲಿಂದ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಅದರ ಪಂಚಾಂಗ ಇಂಗ್ಲಿಷರದು, ವಾರದ ಬಿಡುವು ಭಾನುವಾರ. ತುಂಗಭದ್ರೆಯ ಈಚೆ ದಂಡೆಯ ರಾಯಚೂರು ನಿಜಾಮನದೇ ಆಗಿ ಉಳಿಯಿತು, ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಅಲ್ಲಿ ಸರ್ಕಾರಿ ಲೆಕ್ಕ ಫಸಲಿ ವರ್ಷದಲ್ಲಿ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ಕಚೇರಿಯ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ವಾರದ ತಾತೀಲು ಶುಕ್ರವಾರ.

ಹೊಸಪೇಟೆಯ ಕಡೆಯಿಂದ ಹೊಳೆ ದಾಟಿ ಮುನಿರಾಬಾದಿಗೆ ಬಂದರೆ ಭಾನುವಾರದ ಬಾಗಿಲು ತೆರೆದುಕೊಂಡು ಶುಕ್ರವಾರದ ಬಾಗಿಲು ಮುಚ್ಚುತ್ತಿತ್ತು. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಎರಡೂ ದಂಡೆಗಳಲ್ಲಿ ಬೇರೆಬೇರೆ ಅಡಿಗಲ್ಲು ಹಾಕಿದರು. ಎಡದಂಡೆಯಲ್ಲಿ ಹೈದರಾಬಾದಿನ ಯುವರಾಜ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್. ಒಂದೇ ಕಟ್ಟೆ, ಒಂದೇ ನೀರು, ಎರಡು ಸರ್ಕಾರ. ಆ ದಂಡೆಯಿಂದ ಈ ದಂಡೆಗೆ ಕಾಗದ ಬರೆದರೆ ಉತ್ತರಕ್ಕೆ ಶುಕ್ರವಾರವನ್ನೂ ಕಳೆಯಬೇಕು, ಭಾನುವಾರವನ್ನೂ ಕಳೆಯಬೇಕು. 1948ರ ನಂತರ ಈಚೆ ದಂಡೆಗೂ ಭಾನುವಾರ ಬಂದಿತು.

ಭಾನುವಾರವಾದರೂ ನಮ್ಮದೇ? ಇಂಗ್ಲಿಷಿನ ‘ಹಾಲಿಡೇ’ ಎಂದರೆ ಪವಿತ್ರ ದಿನ, ಅದು ಕ್ರೈಸ್ತರ ದೇವರ ವಾರ. ಮುಂಬೈಯ ಗಿರಣಿ ಕಾರ್ಮಿಕರಿಗೆ ಆ ದಿನವನ್ನು ಬಿಡಿಸಿಕೊಡಲು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಬೇಕಾಯಿತು, ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ. ಅಲ್ಲಿ ಕಾರ್ಮಿಕರು ಬೇಡಿದ್ದು ಒಬ್ಬೊಬ್ಬರ ರಜೆಯನ್ನಲ್ಲ, ಎಲ್ಲರಿಗೂ ಒಟ್ಟಿಗೆ ಬಿಡುವ ಸೂಟಿಯನ್ನು. ಇನ್ನು ಪ್ರತಿ ವರ್ಷ ರಾಜ್ಯ ಸರ್ಕಾರ ಹೊರಡಿಸುವ ಸಾರ್ವತ್ರಿಕ ರಜೆಗಳ ಪಟ್ಟಿಯ ಹಿಂದೆ ಇರುವ ಕಾಯ್ದೆಯ ಹೆಸರು ಕೇಳಿದರೆ ಭಕ್ತಿ ಇಳಿದುಹೋಗುತ್ತದೆ. ಅದು ಚೆಕ್ಕು, ಹುಂಡಿಗಳಿಗೆ (ದೇವರ ಹುಂಡಿಯಲ್ಲ, ಸಾಹುಕಾರರು ಬರೆಯುವ ಹಣದ ಚೀಟಿ) ಸಂಬಂಧಿಸಿದ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ. ಹುಂಡಿಯ ಹಣ ತೀರಿಸುವ ದಿನ ರಜೆಯ ದಿನವೇ ಆಗಿಬಿಟ್ಟರೆ ಏನು ಮಾಡಬೇಕು ಎಂಬ ಸಾಹುಕಾರರ ಚಿಂತೆಗಾಗಿ ಅದರಲ್ಲಿ ಸಾರ್ವಜನಿಕ ರಜೆ ಎಂದರೇನು ಎಂದು ಬರೆಯಬೇಕಾಯಿತು. ಯುಗಾದಿಯೂ ಮೊಹರಮ್ಮೂ ಬಸವ ಜಯಂತಿಯೂ ಆ ಲೆಕ್ಕಪುಸ್ತಕದ ಕೆಳಗೇ ನಿಂತಿವೆ.

ನಮ್ಮ ಹಬ್ಬಕ್ಕೆ ಬೇರೆ ಹುಟ್ಟಿದೆ. ಸಂಸ್ಕೃತದ ‘ಪರ್ವ’, ಪ್ರಾಕೃತದಲ್ಲಿ ‘ಪಬ್ಬ’, ಹಳಗನ್ನಡದ ಪ ಮುಂದೆ ಹ ಆದಾಗ ಹಬ್ಬ. ಪರ್ವ ಎಂದರೆ ಕಬ್ಬಿನ ಗೆಣ್ಣು, ಎರಡು ಭಾಗ ಕೂಡುವ ಸಂದು. ಅಮಾವಾಸ್ಯೆ, ಹುಣ್ಣಿಮೆಗಳು ತಿಂಗಳಿನ ಗೆಣ್ಣುಗಳು. ಹಿಂದಿನ ವೇದಪಾಠಶಾಲೆಗಳಲ್ಲಿ ಆ ದಿನಗಳಂದು, ಅಷ್ಟಮಿ, ಚತುರ್ದಶಿಗಳಂದು ಅನಧ್ಯಯನ. ಪಾಠ ಹೇಳುವಂತಿಲ್ಲ, ಕೇಳುವಂತಿಲ್ಲ. ರಜೆ ಎಂಬ ಪದ ಬರುವ ಮೊದಲು ರಜೆ ಇರಲಿಲ್ಲವೇ ಎಂದು ಕೇಳುವವರಿಗೆ ಇದೊಂದು ಉತ್ತರ.

ಇನ್ನೊಂದು ಉತ್ತರ ಹೊಲದಲ್ಲಿದೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಬಿತ್ತನೆಯ ಹದ ಎಷ್ಟೇ ಅವಸರಪಡಿಸಿದರೂ ಹಿರಿಯರಿದ್ದ ಮನೆಯಲ್ಲಿ ಗಳೆ ಕಟ್ಟುತ್ತಿರಲಿಲ್ಲ. ಎತ್ತು ಅರ್ಜಿ ಹಾಕಲಿಲ್ಲ, ಯಾರ ಮರ್ಜಿಯನ್ನೂ ಕಾಯಲಿಲ್ಲ, ಅದರ ವಾರದ ಬಿಡುವು ಲೋಖಂಡೆಯವರ ಹೋರಾಟಕ್ಕಿಂತ ಹಳೆಯದು. ಈಗ ಟ್ರ್ಯಾಕ್ಟರಿಗೆ ಸೋಮವಾರವಿಲ್ಲ.

ಹೆಸರಿಲ್ಲದ ಬಿಡುವೂ ಒಂದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ರಾಯಚೂರಿನ ಮಧ್ಯಾಹ್ನವನ್ನು ಕಂಡವರು ಇದರ ಬಗ್ಗೆ ಚರ್ಚೆ ಮಾಡುವುದಿಲ್ಲ. ಉಳಿದ ಅರ್ಧ ದಿನ ರಜೆಯೂ ಅಲ್ಲ, ಸೂಟಿಯೂ ಅಲ್ಲ. ಸೂರ್ಯನ ರಜಾ ಸಿಕ್ಕಿಲ್ಲ, ಅದಕ್ಕೇ ಮನೆಯಲ್ಲಿದ್ದೇವೆ.

ಕಳೆದ ಬೇಸಿಗೆಯಲ್ಲಿ ಗಂಗಾವತಿಯ ಕಡೆ ನೆಂಟರ ಊರಿಗೆ ಹೋಗಿದ್ದೆ. ಭತ್ತದ ನಾಡು, ಎಡದಂಡೆ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ನಾಟಿಗೆ ಹೋಗುವ ಹೆಣ್ಣುಮಕ್ಕಳು ಬೇವಿನ ನೆರಳಲ್ಲಿ ಕುಳಿತಿದ್ದರು. ಪದಗಳ ಹುಚ್ಚು ಹಿಡಿದವನಿಗೆ ಸುಮ್ಮನಿರಲಾಗುವುದಿಲ್ಲ. ‘ಏನಮ್ಮಾ, ಇವತ್ತು ಕೆಲಸಕ್ಕೆ ರಜೆಯೋ, ಸೂಟಿಯೋ?’ ಎಂದು ಕೇಳಿದೆ. ವಯಸ್ಸಾದ ಒಬ್ಬಾಕೆ ಎಲೆ ಮಡಿಸುತ್ತಲೇ ‘ರಜೆ ಎಲ್ಲಿಯದು ರೀ ಸರ, ಖಾಲಿ ಕುಳಿತಿದ್ದೇವೆ’ ಎಂದಳು.

ಖಾಲಿ. ಇದೂ ಅರಬ್ಬಿಯದೇ, ಬರಿದು ಎಂದು ಅರ್ಥ. ಇಂಗ್ಲಿಷಿನವರು ನ್ಯಾಯಾಲಯಗಳ, ವಿಶ್ವವಿದ್ಯಾಲಯಗಳ ದೀರ್ಘ ಬಿಡುವಿಗೆ ‘ವೆಕೇಶನ್’ ಎನ್ನುತ್ತಾರೆ. ಅದರ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ, ಖಾಲಿಯಾಗಿರುವುದು. ಪದಕ್ಕೆ ಪದ ಇಟ್ಟು ನೋಡಿದರೆ ವೆಕೇಶನ್‌ಗೆ ಕನ್ನಡದಲ್ಲಿ ಇಷ್ಟು ನಿಖರವಾದ ಮಾತು ಆ ಬೇವಿನ ನೆರಳಲ್ಲೇ ನನಗೆ ಮೊದಲು ಸಿಕ್ಕಿದ್ದು. ನ್ಯಾಯಾಧೀಶರ ಖಾಲಿಗೆ ಸಂಬಳವಿದೆ, ಆಕೆಯ ಖಾಲಿಗೆ ಕೂಲಿಯಿಲ್ಲ. ‘ಹಾಗಾದರೆ ಎಷ್ಟು ದಿನ ಹೀಗೆ?’ ಎಂದೆ. ಆಕೆ ಒಣಗಿದ ಕಾಲುವೆಯ ಕಡೆ ಗದ್ದ ಎತ್ತಿ ತೋರಿಸಿ ‘ನೀರು ಬಿಡುವತನಕ’ ಎಂದಳು.